ಬಾಗಿಲ ಕಂಬದೊಳಗಿನ ಹೆಸರು

ವರ್ಜಿನಿಯಾದ ಹರ್ನ್‌ಡನ್ನಿನಿಂದ ಒಬ್ಬಳು ಹುಡುಗಿ ತಿಂಗಳಿಗೆ ಎರಡು ಸಲ ನನಗೆ ಫೋನ್ ಮಾಡುತ್ತಾಳೆ. ಹೆಸರು ಅನನ್ಯಾ. ನೂರು ವರ್ಷದ ಹಿಂದಿನ ಕಾರುಗಳನ್ನು ಮೊದಲಿನ ರೂಪಕ್ಕೆ ತರುವ ಕೆಲಸ ಕಲಿಯುತ್ತೇನೆಂದು ಕಂಪ್ಯೂಟರ್ ಓದನ್ನು ಅರ್ಧಕ್ಕೆ ಬಿಟ್ಟವಳು. ಮೊದಲು ಫೋನ್ ಮಾಡಿದ್ದು ಅವಳ ಅಪ್ಪ, ಮೈಸೂರಿನವರು. "ಅಂಕಲ್, ನೀವು ಈ ಫೀಲ್ಡಲ್ಲಿ ಇದ್ದೋರು. ಇದ್ರಲ್ಲಿ ಏನೂ ಇಲ್ಲಮ್ಮಾ ಅಂತ ಒಂದ್ ಮಾತು ಹೇಳ್ಬಿಡಿ, ಸಾಕು. ನಮ್ಮಾತು ಕೇಳಲ್ಲ ಅವ್ಳು," ಅಂದರು. ಅಪ್ಪನಿಗೂ ನಾನು ಅಂಕಲ್, ಮಗಳಿಗೂ ಅಂಕಲ್. ಇರಲಿ.

ಹೇಳಿದೆ. ಇದರಲ್ಲಿ ಏನೂ ಇಲ್ಲ ಮಗಾ, ಮೊಣಕಾಲು ಹೋಗ್ತದೆ, ಮೂಗಿನ ತುಂಬ ಧೂಳು, ಬಿಟ್ಟುಬಿಡು ಅಂದೆ. ಅವಳು ತನ್ನ ಅಮೆರಿಕದ ಕನ್ನಡದಲ್ಲಿ, "ಓಕೆ ಅಂಕಲ್. ಬಟ್ ನಿಜವಾಗಿ ಹೇಗೆ ಇತ್ತು, ಆ ಕೆಲಸ?" ಎಂದು ಕೇಳಿದಳು. ಅದಕ್ಕೆ ಫೋನಿನಲ್ಲಿ ಉತ್ತರ ಹೊಳೆಯಲಿಲ್ಲ. ಈಗ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ ಮಗಳ ಮನೆಯ ಕೆಳಗಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಓದಿ ಬುದ್ಧಿ ಕಲಿಯುತ್ತಾಳೆಂಬ ಭರವಸೆ ನನಗಿಲ್ಲ.

ನನ್ನ ಹೆಸರು ಸಿಪ್ರಿಯನ್ ಲೋಬೊ. ಕೆಲಸ ಕಲಿತದ್ದು ಮಂಗಳೂರಿನ ಕಡೆಯ ಒಂದು ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ. ಆಗ ಬಸ್ಸಿನ ಒಳಗೆಲ್ಲ ಮರದ ಅಸ್ಥಿಪಂಜರ, ಹೊರಗೆ ತಗಡಿನ ಹೊದಿಕೆ. ನನ್ನ ಹೆಂಡತಿ ಜೆಸಿಂತಾ ನರ್ಸ್. ಅವಳಿಗೆ ಅಟ್ಲಾಂಟಾದ ಕಡೆ ಕೆಲಸ ಸಿಕ್ಕಿತು, ಅವಳ ಬೆನ್ನಿಗೆ ನಾನೂ ಬಂದೆ. ಡುಲುತ್‌ನಲ್ಲಿ ಮನೆ ಮಾಡಿದೆವು. ಹತ್ತಿರದ ಕೊರಿಯನ್ ಅಂಗಡಿಯಲ್ಲಿ ಒಳ್ಳೆಯ ಬಂಗುಡೆ ಮೀನು ಸಿಗುತ್ತಿತ್ತು ಎಂಬುದೊಂದೇ ಮೊದಲ ವರ್ಷ ನನಗಿದ್ದ ಸಮಾಧಾನ. ಅಡುಗೆಮನೆಯ ಕಪಾಟು ಮಾಡುವಲ್ಲಿ ಸ್ವಲ್ಪ ಕಾಲ ದುಡಿದೆ. ಒಂದು ದಿನ ಯಾರೋ ವಾಲ್ಟ್ ಎಂಬವನ ಹಳೇ ಕಾರಿನ ವರ್ಕ್‌ಶಾಪಿಗೆ ಕಳಿಸಿದರು. ಅಲ್ಲಿ ತಗಡು ಕಳಚಿದ ಒಂದು ಪುರಾತನ ಕಾರು ನಿಂತಿತ್ತು. ಕಂಬ, ಅಡ್ಡಪಟ್ಟಿ, ಮೂಲೆಯ ಕಚ್ಚು, ಎಲ್ಲ ಮರ. ಅಯ್ಯೋ, ಇದು ನಮ್ಮ ಬಸ್ಸೇ ಅಲ್ವಾ ಮಾರಾಯ್ರೇ ಅಂತ ಬಾಯಿಂದ ಕನ್ನಡವೇ ಬಂತು. ವಾಲ್ಟನಿಗೆ ಎಂತದೂ ಅರ್ಥ ಆಗಲಿಲ್ಲ. ಆದರೆ ನಾನು ಕಂಬವನ್ನು ಮುಟ್ಟಿದ ರೀತಿ ನೋಡಿಯೇ ಕೆಲಸ ಕೊಟ್ಟೆ ಎಂದು ಆಮೇಲೆ ಹೇಳಿದ.

ವಾಲ್ಟ್ ಕೆಟ್ಟವನಲ್ಲ. ಆದರೆ ಹೊಗಳಿಕೆಯ ಮಾತು ಅವನ ಬಾಯಿಂದ ಬಂದದ್ದೇ ಇಲ್ಲ. ಎರಡು ತಿಂಗಳು ಬೆನ್ನು ಮುರಿದು ಮಾಡಿದ ಬಾಗಿಲನ್ನು ತೋರಿಸಿದರೂ "ನಡೀತದೆ" ಅನ್ನುತ್ತಿದ್ದ, ಅಷ್ಟೇ. ಹತ್ತೊಂಬತ್ತು ವರ್ಷ ಆ "ನಡೀತದೆ"ಯನ್ನು ಕೇಳಿದ್ದೇನೆ. ಹೊಸಬರು ತಿಳಿದಿರಬೇಕು, ಈ ಕೆಲಸದಲ್ಲಿ ಮೆಚ್ಚುಗೆ ಬಣ್ಣ ಬಳಿದವನಿಗೆ ಹೋಗುತ್ತದೆ. ನಮ್ಮ ಮರ ತಗಡಿನ ಒಳಗೆ ಮುಚ್ಚಿಹೋಗುತ್ತದೆ. ಅದನ್ನು ನೋಡುವವರು ಇಬ್ಬರೇ, ಮಾಡಿದವನು ಮತ್ತು ನೂರು ವರ್ಷದ ನಂತರ ಅದನ್ನು ಬಿಚ್ಚುವವನು.

ನನ್ನ ದೊಡ್ಡ ಪೆದ್ದುತನವೊಂದನ್ನು ಹೇಳಿಬಿಡುತ್ತೇನೆ. ಒಂದು ಚಳಿಗಾಲ, ಹೀಟರ್ ಉರಿಯುವ ಶೆಡ್ಡಿನಲ್ಲಿ, ಒಂದು ತೆರೆದ ಕಾರಿಗೆ ಬಾಗಿಲು ಕೂರಿಸಿದೆ. ಎಷ್ಟು ಬಿಗಿ ಎಂದರೆ ಸಂದಿಯಲ್ಲಿ ಕಾಗದ ತೂರುತ್ತಿರಲಿಲ್ಲ. ನನಗೇ ಹೆಮ್ಮೆ. ಆ ಕಾರಿನ ಯಜಮಾನರು ಆಗಸ್ಟಿನಲ್ಲಿ ಮಗಳ ಮದುವೆಗೆ ಅದರಲ್ಲೇ ಚರ್ಚಿಗೆ ಹೋದರು. ಜಾರ್ಜಿಯಾದ ಆಗಸ್ಟ್ ಗೊತ್ತಲ್ಲ, ಗಾಳಿಯೇ ಒದ್ದೆ. ಮರ ಉಬ್ಬಿ ಬಾಗಿಲು ತೆರೆಯಲೇ ಇಲ್ಲ. ಮದುಮಗಳು ಬಿಳಿ ಗೌನನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಬಾಗಿಲ ಮೇಲಿಂದ ಹಾರಿ ಇಳಿದಳಂತೆ. ಮಂಗಳೂರಿನ ಮಳೆಗಾಲದಲ್ಲಿ ಉಬ್ಬದ ಬಾಗಿಲು ಉಂಟೇ? ಹುಟ್ಟಿದಂದಿನಿಂದ ನೋಡಿದವನು ನಾನು! ಮರದ ಹತ್ತಿರ ಮರೆವು ನಡೆಯುವುದಿಲ್ಲ ಎಂದು ಆ ದಿನ ನನಗೆ ನಾನೇ ಬೈದುಕೊಂಡೆ.

ಕೊನೆಕೊನೆಗೆ ಕೆಲಸದ ಕ್ರಮವೇ ಬದಲಾಯಿತು. ಬೆಳಕು ಬಿಟ್ಟು ಅಳೆಯುವ ಯಂತ್ರ ಬಂತು. ಹಳೆಯ ಮರದ ತುಂಡನ್ನು ಅದರೆದುರು ಇಟ್ಟರೆ ಅದೇ ಆಕಾರವನ್ನು ಇನ್ನೊಂದು ಯಂತ್ರ ಹೊಸ ಮರದಲ್ಲಿ ಕೊರೆದು ಕೊಡುತ್ತಿತ್ತು. ಅಬ್ಬಾ ಅನ್ನಿಸಿತು. ಆಮೇಲೆ ನೋಡಿದರೆ ಹಳೆಯ ತುಂಡು ಕುಸಿದು ಸೊಟ್ಟಗಾಗಿದ್ದದ್ದನ್ನೂ ಅದು ಅಷ್ಟೇ ಭಕ್ತಿಯಿಂದ ನಕಲು ಮಾಡಿತ್ತು. ಯಂತ್ರ ಬೇಡ ಅನ್ನುವುದಿಲ್ಲ, ನನ್ನ ಬೆನ್ನಿಗೆ ಅದರಿಂದ ಉಪಕಾರವೇ ಆಯಿತು. ಅಳತೆ ಯಂತ್ರದಿಂದ ತೆಗೆದುಕೋ, ಆದರೆ ಕೊನೆಗೊಮ್ಮೆ ಬೆರಳಿನಿಂದ ಸವರಿ ನೋಡು ಎಂದು ಅನನ್ಯಾಳಿಗೆ ಹೇಳಿದ್ದೇನೆ.

ಈಗ ನಾನು ಹೇಳಲಿಕ್ಕೆ ಹೊರಟ ಸಂಗತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತು ಹಾಕಿದ್ದು ಅದನ್ನು ಹೇಳುವ ಮನಸ್ಸಿಲ್ಲದೆ.

ಕೋವಿಡ್ ಬಂದ ವರ್ಷ ಒಂದು ಲಾರ್ಕ್‌ವುಡ್ ಕಾರು ನಮ್ಮಲ್ಲಿಗೆ ಬಂತು. ಆ ಹೆಸರು ಈಗ ಯಾರಿಗೂ ಗೊತ್ತಿಲ್ಲ. ಕ್ಯಾರೊಲೈನಾದ ಒಂದು ಸಣ್ಣ ಊರಿನಲ್ಲಿ ಕುದುರೆಗಾಡಿ ಮಾಡುವ ಕಾರ್ಖಾನೆಯೊಂದಿತ್ತು. ಕುದುರೆಯ ಕಾಲ ಮುಗಿಯಿತೆಂದು ಗೊತ್ತಾದಾಗ ಅದರ ಧಣಿ ಕಾರಿಗೆ ಕೈ ಹಾಕಿದರು. ಅದೂ ಸಾಮಾನ್ಯ ಕಾರಲ್ಲ, ಉತ್ತರದ ಶ್ರೀಮಂತರು ಬಂದು ಕೊಳ್ಳುವಂಥದ್ದು. ಎಂಜಿನ್ ಬೇರೆಯವರದ್ದು, ಬಾಡಿ ಮಾತ್ರ ಸ್ವಂತದ್ದು. ಗಾಡಿ ಕಟ್ಟಿ ಪಳಗಿದ ಕೈಗಳು ಕಟ್ಟಿದ ಬಾಡಿ. ಅದರ ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸದ್ದು. ಆದರೆ ಅಂಥ ಒಂದು ಕಾರು ಮುಗಿಯುವಷ್ಟರಲ್ಲಿ ಉತ್ತರದ ದೊಡ್ಡ ಕಾರ್ಖಾನೆಗಳು ಅಗ್ಗದ ಕಾರುಗಳ ಸಾಲನ್ನೇ ಹೊರಗೆ ಬಿಡುತ್ತಿದ್ದವು. ಕೆಲವೇ ವರ್ಷಗಳಲ್ಲಿ ಲಾರ್ಕ್‌ವುಡ್ ಬಾಗಿಲು ಹಾಕಿತು. ಉಳಿದ ಕಾರುಗಳು ಬೆರಳೆಣಿಕೆಯಷ್ಟು.

ನಮ್ಮಲ್ಲಿಗೆ ಬಂದದ್ದು ಕೋಳಿಗೂಡಿನ ಪಕ್ಕದ ಕೊಟ್ಟಿಗೆಯಲ್ಲಿ ದಶಕಗಟ್ಟಲೆ ಕೊಳೆತದ್ದು. ವಾಲ್ಟನ ಶ್ವಾಸಕೋಶ ಸರಿಯಿರಲಿಲ್ಲ, ಆದ್ದರಿಂದ ಅವನು ಮನೆ ಬಿಟ್ಟು ಹೊರಡಲಿಲ್ಲ. ಶೆಡ್ಡಿನಲ್ಲಿ ಮಾಸ್ಕ್ ಹಾಕಿಕೊಂಡು ನಾನೊಬ್ಬನೇ. ವಾಲ್ಟ್ ಫೋನಿನಲ್ಲಿ, "ಸಿಪ್, ಎಲ್ಲ ತೆಗೆದಿಡು. ಒಂದು ಮೊಳೆಯನ್ನೂ ಎಸೀಬೇಡ," ಎಂದ. ಮೊಳೆ, ತಿರುಗಣೆ, ಹಿಡಿಕೆ ಎಲ್ಲವನ್ನೂ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟೆ. ಮರವನ್ನು ಇಡಲಿಲ್ಲ. ಮುಟ್ಟಿದರೆ ತೌಡಿನ ಹಾಗೆ ಉದುರುವ ಮರ ಅವನು ಹೇಳಿದ "ಎಲ್ಲ"ದಲ್ಲಿ ಸೇರುತ್ತದೆ ಎಂದು ನನಗೆ ತೋಚಲಿಲ್ಲ.

ಎಡಗಡೆಯ ಬಾಗಿಲ ಕಂಬದ ತಗಡು ಬಿಚ್ಚಿದಾಗ ಒಳಮೈಯಲ್ಲಿ ಪೆನ್ಸಿಲಿನ ಅಕ್ಷರ ಕಾಣಿಸಿತು. ಅಲ್ಲಿ ಮಾತ್ರ ಮರ ಗಟ್ಟಿಯಿತ್ತು. ಕೂಡಿಸಿ ಬರೆದ ದೊಡ್ಡ ದೊಡ್ಡ ಅಕ್ಷರ: ಈ ಬಾಗಿಲು ಮಾಡಿದವನು ಏಮಸ್ ಟಲ್.

ನನಗೆ ಆ ಕ್ಷಣ ನೆನಪಾದದ್ದು ಬಾಬಣ್ಣ ಮೇಸ್ತ್ರಿಗಳು. ನನಗೆ ಕೆಲಸ ಕಲಿಸಿದವರು. ನನ್ನ ಇಪ್ಪತ್ತೆರಡನೆಯ ಪ್ರಾಯದಲ್ಲಿ, ಮೊದಲ ಬಾರಿ ಸ್ವಂತ ಕೈಯಿಂದ ಬಸ್ಸಿನ ಒಂದು ಇಡೀ ಬದಿ ಕಟ್ಟಿದ ಖುಷಿಯಲ್ಲಿ, ಹಲಗೆಯ ಒಳಮೈಯಲ್ಲಿ ನನ್ನ ಹೆಸರು ಬರೆದಿದ್ದೆ. ಮೇಸ್ತ್ರಿಗಳು ನೋಡಿಬಿಟ್ಟರು. ಕೆನ್ನೆಗೆ ಒಂದು ಬಾರಿಸಿ, "ಬಸ್ಸು ಯಾರದ್ದಾ? ನಿನ್ನ ಅಪ್ಪನದ್ದಾ? ಧಣಿ ನೋಡಿದರೆ ನಿನಗೆ ನಾಳೆ ಕೆಲಸ ಉಂಟಾ? ಹೊಟ್ಟೆಗೆ ಹಾಕುವವನ ಮಾಲಿನಲ್ಲಿ ನಮ್ಮ ಹೆಸರು ಎಂತಕ್ಕೆ?" ಎಂದರು. ಆಮೇಲೆ ಅವರೇ ಕೀಸುಳಿ ತೆಗೆದುಕೊಂಡು ಆ ಹೆಸರನ್ನು ಕೀಸಿ ತೆಗೆದರು. ಸಂಜೆ ಮನೆಗೆ ಕರೆದುಕೊಂಡು ಹೋಗಿ ಮೀನು ಸಾರು ಬಡಿಸಿದರು. ಅವರು ನನ್ನನ್ನು ಕಾಪಾಡಿದರೆಂದೇ ನಾನು ನಲವತ್ತು ವರ್ಷ ನಂಬಿದ್ದೆ.

ಅವರದ್ದೇ ಇನ್ನೊಂದು ಪದ್ಧತಿ ಇತ್ತು. ಹೊಸ ಮರವನ್ನು ಬಗ್ಗಿಸಲಿಕ್ಕೆ ಹಬೆಯ ಪೆಟ್ಟಿಗೆಯಲ್ಲಿ ಬೇಯಿಸಬೇಕು. ಆ ಹಬೆಗೆ ಬೆಂಕಿ ಹಾಕುವುದು ಅದೇ ಗಾಡಿಯಿಂದ ಬಿಚ್ಚಿದ ಹಳೆಯ ಮರದಲ್ಲಿ. "ಹಳತು ಹೊಸತಕ್ಕೆ ಬಾಗುವುದು ಕಲಿಸ್ಬೇಕು," ಎನ್ನುತ್ತಿದ್ದರು. ವಾಲ್ಟನ ಶೆಡ್ಡಿನಲ್ಲಿ ವಿದ್ಯುತ್ತಿನ ಒಲೆ ಇದ್ದರೂ ಪ್ರತಿ ಕಾರಿನ ಕೊನೆಯ ತುಂಡನ್ನು ನಾನು ಹಿತ್ತಲಿನಲ್ಲಿ ಹಳೆಯ ಮರದ ಬೆಂಕಿಯಲ್ಲೇ ಬೇಯಿಸುತ್ತಿದ್ದೆ. ಮೇಸ್ತ್ರಿಗಳಿಗೆ ಅದು ನನ್ನ ಕಡೆಯಿಂದ ನಮಸ್ಕಾರ.

ಏಮಸ್ ಟಲ್ ಯಾರೆಂದು ನಾನು ಯೋಚಿಸಲಿಲ್ಲ. ನನ್ನ ಹಾಗೆಯೇ ಒಬ್ಬ ಕೆಲಸದವನು, ಖುಷಿ ತಡೆಯಲಾರದೆ ಬರೆದಿದ್ದಾನೆ ಅಂದುಕೊಂಡೆ. ಈಗಿನ ಧಣಿ ನೋಡಿ ನಗುವುದು ಬೇಡ, ಸಂಗಡಿಗನ ಗುಟ್ಟು ಸಂಗಡಿಗನೇ ಕಾಪಾಡಬೇಕು ಅನ್ನಿಸಿತು. ಉಳಿದೆಲ್ಲದರ ಫೋಟೊ ತೆಗೆದಿದ್ದೆ, ಅದರದ್ದು ಬೇಕೆಂದೇ ತೆಗೆಯಲಿಲ್ಲ. ಕಂಬವನ್ನು ಎರಡು ತುಂಡು ಮಾಡಿ ಬೆಂಕಿಗಿಟ್ಟೆ. ಒಣಗಿದ ಮರ, ಚೆನ್ನಾಗಿ ಉರಿಯಿತು.

ಕಾರು ಸಿದ್ಧವಾಯಿತು. ಎಲ್ಲೋ ಹಳೇ ಕಾರುಗಳ ದೊಡ್ಡ ಸ್ಪರ್ಧೆಯಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ಗೆದ್ದಿತು. ವಾಲ್ಟ್ ಬಾಗಿಲನ್ನು ಒಮ್ಮೆ ತೆರೆದು ಹಾಕಿ "ನಡೀತದೆ" ಎಂದ. ಅದಾದ ಮೇಲೆ ನನ್ನ ಮೊಣಕಾಲು ಪೂರಾ ಕೈಕೊಟ್ಟಿತು. ಜೆಸಿಂತಾಳೂ ನಿವೃತ್ತಳಾದಳು. ಇಬ್ಬರೂ ಮಗಳಿರುವ ಮೇರಿಲ್ಯಾಂಡಿಗೆ ಬಂದೆವು.

ಒಂದು ಮಧ್ಯಾಹ್ನ ಫೋನ್ ಬಂತು. ಮುದುಕಿಯ ಧ್ವನಿ, ಆದರೆ ಅಲುಗದ ಧ್ವನಿ. "ಮಿಸ್ಟರ್ ಲೋಬೊ? ನನ್ನ ಹೆಸರು ಯೂಲಾ. ಲಾರ್ಕ್‌ವುಡ್ ಕಾರಿನ ಬಾಗಿಲನ್ನು ಬಿಚ್ಚಿದವರು ನೀವೇ ಅಂತ ವಾಲ್ಟ್ ಹೇಳಿದರು. ನನ್ನ ತಾತ ಏಮಸ್ ಟಲ್. ಅವರು ತಮ್ಮ ಹೆಸರನ್ನು ಒಂದು ಬಾಗಿಲೊಳಗೆ ಬರೆದಿದ್ದೇನೆ ಅಂತ ನನಗೆ ಹೇಳಿದ್ದರು. ನೀವು ಅದನ್ನು ನೋಡಿದಿರಾ?"

ಕರಿಯ ಜನಾಂಗದ ಹೆಂಗಸು, ತೊಂಬತ್ತು ದಾಟಿದವರು. ಕ್ಯಾರೊಲೈನಾದ ಅವರ ಊರಿನ ಇತಿಹಾಸ ಸಂಗ್ರಹಾಲಯದವರು ಆ ಕಾರನ್ನು ಅದರ ಒಡೆಯರಿಂದ ಎರವಲು ತಂದಿಟ್ಟು ಲಾರ್ಕ್‌ವುಡ್ ಕಾರ್ಖಾನೆಯ ಬಗ್ಗೆ ಪ್ರದರ್ಶನ ಮಾಡುವವರಿದ್ದರು. ಇವರು ಅಲ್ಲಿಗೆ ಹೋಗಿ ಈ ಬಾಡಿಗಳನ್ನು ಕಟ್ಟಿದ್ದು ನನ್ನ ತಾತ ಎಂದರಂತೆ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಆ ಹೆಸರಿಲ್ಲ, ಪುರಾವೆ ಏನಾದರೂ ಇದ್ದರೆ ಕೊಡಿ, ಫಲಕದ ಮೇಲೆ ಹಾಕುತ್ತೇವೆ ಎಂದು ಉತ್ತರ ಬಂತಂತೆ. ತಾತನ ಹೆಸರು ಒಂದು ಕಡೆ ಬರೆದು ಹಾಕಿದ್ದನ್ನು ನೋಡಿ ಕಣ್ಣು ಮುಚ್ಚಬೇಕು, ಇನ್ನೇನೂ ಬೇಡ ಎಂದರು ಮಿಸ್ ಯೂಲಾ.

"ನೆನಪಿಲ್ಲ ಮ್ಯಾಮ್. ನೋಡಿ ಹೇಳ್ತೇನೆ," ಎಂದು ಫೋನ್ ಇಟ್ಟೆ.

ಪಕ್ಕದಲ್ಲಿ ಬಟಾಟೆ ಸಿಪ್ಪೆ ತೆಗೆಯುತ್ತಿದ್ದ ಜೆಸಿಂತಾ ತಲೆ ಎತ್ತಿದಳು. ಮನೆಯಲ್ಲಿ ನಮ್ಮದು ಕೊಂಕಣಿ, ಅವಳ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ. "ಎಂತ ನೋಡ್ಲಿಕ್ಕೆ ಉಂಟು ನಿಮಗೆ? ಬೂದಿಯನ್ನಾ?"

ಅವಳಿಗೆ ಆ ಬೆಂಕಿಯ ದಿನ ನಾನೇ ಹೇಳಿದ್ದೆ, ಒಬ್ಬ ಸಂಗಡಿಗನನ್ನು ಉಳಿಸಿದೆ ಎಂದು ಜಂಬದಿಂದ.

ಎರಡು ವಾರ ಮಿಸ್ ಯೂಲಾ ಅವರ ಫೋನ್ ಎತ್ತಲಿಲ್ಲ. ಹೇಡಿತನ ಎಂದೇ ಬರೆಯುತ್ತೇನೆ. ಮೂರನೆಯ ವಾರ ಜೆಸಿಂತಾ, "ಆ ಅಜ್ಜಿ ಕಾಯ್ತಾ ಇದ್ದಾರೆ, ನೀವು ಇಲ್ಲಿ ಮೊಣಕಾಲು ತಿಕ್ಕಿಕೊಂಡು ಕೂತಿದ್ದೀರಿ. ಏಳಿ!" ಎಂದು ಕಾರಿನ ಕೀಲಿ ತೆಗೆದುಕೊಂಡಳು. ದಿನವಿಡೀ ಅವಳೇ ಡ್ರೈವ್ ಮಾಡಿದಳು. ವರ್ಜಿನಿಯಾ ದಾಟಿದಾಗಲೂ ನಾನು ಹಿಂದಿರುಗಿ ಹೋಗುವ ಅಂತಲೇ ಹೇಳಿದೆ.

ಮಿಸ್ ಯೂಲಾ ಅವರ ಮನೆ ಚಿಕ್ಕದು, ತುಂಬ ಒಪ್ಪ. ಕಣ್ಣಿನ ದೃಷ್ಟಿ ಮಸುಕಾಗಿದೆ, ಆದರೂ ಚಹಾವನ್ನು ತಾವೇ ತಂದುಕೊಟ್ಟರು. ಬಿಸಿ ಮಾಡಿದ್ದಲ್ಲ, ಐಸ್ ಹಾಕಿ ಸಕ್ಕರೆ ಸುರಿದ ಆ ಊರಿನ ಚಹಾ. ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ನೋಡಿದೆ, ಓದಿದೆ, ಸುಟ್ಟೆ. ಮೇಸ್ತ್ರಿಗಳ ಏಟನ್ನೂ ಹೇಳಿದೆ. "ನಾನು ಅವರ ಒಳ್ಳೆಯದಕ್ಕೇ ಮಾಡಿದೆ ಮ್ಯಾಮ್. ಯಜಮಾನರ ಕಣ್ಣಿಗೆ ಬಿದ್ದು ಅವಮಾನ ಆಗಬಾರದು ಅಂತ," ಎಂದೆ.

ಮಿಸ್ ಯೂಲಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ಕಾರ್ಖಾನೆಯ ಧಣಿ ಒಳ್ಳೆಯ ಮನುಷ್ಯ ಅಂತ ತಾತ ಹೇಳುತ್ತಿದ್ದರು. ಒಂದು ದಿನ ತಾತನನ್ನು ಕರೆದು, 'ಏಮಸ್, ನಿನ್ನ ಹೆಸರನ್ನು ಪುಸ್ತಕದಲ್ಲಿ ಬರೆಸುವುದಿಲ್ಲ. ಬಿಳಿಯರ ಕೆಲಸ ಕರಿಯನೊಬ್ಬ ಮಾಡುತ್ತಿದ್ದಾನೆ ಅಂತ ಗೊತ್ತಾದರೆ ನಿನಗೇ ಅಪಾಯ. ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೇನೆ' ಅಂದರಂತೆ. ಅದಕ್ಕೇ ತಾತ ಬಾಗಿಲೊಳಗೆ ಬರೆದದ್ದು. ನೀವು ಎರಡನೆಯವರು, ಮಿಸ್ಟರ್ ಲೋಬೊ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಜೆಸಿಂತಾ ನನ್ನ ಕೈಯಿಂದ ಲೋಟ ತೆಗೆದು ಮೇಜಿನ ಮೇಲಿಟ್ಟಳು. ಬಾಬಣ್ಣ ಮೇಸ್ತ್ರಿಗಳ ಮೇಲೆ ಜೀವಮಾನದಲ್ಲಿ ಮೊದಲ ಸಲ ನನಗೆ ಸಿಟ್ಟು ಬಂತು. ಮೀನು ಸಾರು ಬಡಿಸಿದ ಆ ಕೈಯ ಮೇಲೆಯೇ ಸಿಟ್ಟು ಬಂತು.

"ನೋಡಿದ್ದನ್ನು ಬರೆದುಕೊಡಿ," ಎಂದರು ಮಿಸ್ ಯೂಲಾ. "ನಿಮ್ಮ ಪೂರ್ತಿ ಹೆಸರು ಹಾಕಿ ಸಹಿ ಮಾಡಿ."

ಮಾರನೆಯ ದಿನ ಸಂಗ್ರಹಾಲಯಕ್ಕೆ ಹೋಗಿ ಬರೆದುಕೊಟ್ಟೆ. ಅಕ್ಷರ ಎಷ್ಟು ದೊಡ್ಡದಿತ್ತು, ಕಂಬದ ಯಾವ ಎತ್ತರದಲ್ಲಿತ್ತು, ಎಲ್ಲ. ಸುಟ್ಟದ್ದನ್ನೂ ಬರೆದೆ. ಅಲ್ಲಿನ ಅಧಿಕಾರಿ ಹೆಂಗಸು ಪ್ರಾಯದಲ್ಲಿ ಚಿಕ್ಕವಳು, ತುಂಬ ಮರ್ಯಾದೆಯಿಂದ ನಡೆದುಕೊಂಡಳು. ಇದನ್ನು ಕಡತದಲ್ಲಿ ಖಂಡಿತ ಇಡುತ್ತೇವೆ, ಆದರೆ ಒಬ್ಬರು ನೋಡಿದೆ ಅಂದದ್ದರ ಮೇಲೆ ಫಲಕ ಬರೆಯಲಿಕ್ಕಾಗುವುದಿಲ್ಲ, ಮರ ಇದ್ದಿದ್ದರೆ ಬೇರೆ ಮಾತು ಎಂದಳು. ವಾಲ್ಟನಿಗೆ ಫೋನ್ ಮಾಡಿ ಹೇಳಿದೆ. ಅವನು ಉಸಿರೆಳೆದುಕೊಳ್ಳುವುದು ಕೇಳಿಸಿತು. "ಎಲ್ಲ ತೆಗೆದಿಡು ಅಂದಿದ್ದೆ ಸಿಪ್," ಅಂದ. ಇಷ್ಟು ವರ್ಷದಲ್ಲಿ "ನಡೀತದೆ" ಅನ್ನದೆ ಮಾತು ಮುಗಿಸಿದ್ದು ಅದೊಂದೇ ಸಲ.

ಕಾರಿನ ಒಡೆಯರನ್ನೂ ಕೇಳಿದೆ. ನಾನೇ ಬಂದು ತಗಡು ಬಿಚ್ಚಿ, ಹೊಸ ಕಂಬದ ಒಳಗೆ ಅದೇ ಜಾಗದಲ್ಲಿ ಏಮಸ್ ಟಲ್ ಎಂದು ಬರೆದು ಮುಚ್ಚುತ್ತೇನೆ, ಯಾರಿಗೂ ಕಾಣುವುದಿಲ್ಲ ಎಂದೆ. ಬಣ್ಣ ಹೋದೀತು, ಸ್ಪರ್ಧೆಗಳಲ್ಲಿ ಅಂಕ ಕಡಿಮೆಯಾದೀತು, ಬೇಡ ಎಂದು ಸಮಾಧಾನವಾಗಿಯೇ ಹೇಳಿದರು. ಒತ್ತಾಯ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಹೋದ ವಾರ ಅನನ್ಯಾ ತಾನು ಮೊದಲ ಬಾರಿಗೆ ಮಾಡಿದ ಬಾಗಿಲ ಕಂಬದ ಫೋಟೊ ಕಳಿಸಿದಳು. ಕಚ್ಚು ಸ್ವಲ್ಪ ಸಡಿಲ, ಆದರೂ ಪರವಾಗಿಲ್ಲ. "ಅಂಕಲ್, ಜಾಯಿಂಟ್ ಓಕೆನಾ?" ಎಂದು ಕೇಳಿದಳು. ಜಾಯಿಂಟ್ ಇರಲಿ, ನಿನ್ನ ಹೆಸರು ಎಲ್ಲಿ ಎಂದು ಕೇಳಿದೆ. "ಒಳಗಡೆ ಯಾರೂ ನೋಡಲ್ಲ ಅಲ್ವಾ?" ಅಂದಳು. ಬರಿ ಮಾರಾಯ್ತಿ, ಪೂರ್ತಿ ಹೆಸರು ಬರಿ, ಉಳಿಯಲ್ಲಿ ಕೊರಿ, ಬೇರೆಯವರ ಹೆಸರು ಕಂಡರೆ ಮೊದಲು ಫೋಟೊ ತೆಗಿ, ಆಮೇಲೆ ಉಸಿರಾಡು ಎಂದು ಸ್ವಲ್ಪ ಜೋರಾಗಿಯೇ ಕೂಗಿದೆ. ಹೆದರಿದಳೋ ಏನೋ. ಈ ಇಡೀ ಬರಹದಲ್ಲಿ ನಾನು ಕಲಿಸಲಿಕ್ಕಿದ್ದದ್ದು ಅಷ್ಟೇ.

ಪ್ರದರ್ಶನ ತೆರೆದ ದಿನ ನಾವಿಬ್ಬರೂ ಮತ್ತೆ ಅಲ್ಲಿಗೆ ಹೋಗಿದ್ದೆವು. ಮಿಸ್ ಯೂಲಾ ಗಾಲಿಕುರ್ಚಿಯಲ್ಲಿ ಬಂದಿದ್ದರು, ತಲೆಗೆ ಹಳದಿ ಹ್ಯಾಟ್. ಕಾರು ದೀಪದ ಬೆಳಕಿನಲ್ಲಿ ಮಿರಮಿರ ಮಿಂಚುತ್ತಿತ್ತು. ಅವರು ಕೈ ಚಾಚಿ ಎಡಬಾಗಿಲನ್ನು ಸವರಿದರು. ಮುಟ್ಟಬಾರದೆಂದು ಬರೆದಿತ್ತು, ಯಾರೂ ತಡೆಯಲಿಲ್ಲ.

ಪಕ್ಕದಲ್ಲೇ ಫಲಕ. ನಾನು ಮನಸ್ಸಿನಲ್ಲೇ ಓದಿಕೊಂಡೆ. ಕಾರಿನ ಮೂಲ ಮರಗೆಲಸ ಮಾಡಿದವರ ಹೆಸರು ದಾಖಲೆಗಳಲ್ಲಿ ಸಿಕ್ಕಿಲ್ಲ. ಮರದ ಚೌಕಟ್ಟನ್ನು ಹೊಸದಾಗಿ ನಿರ್ಮಿಸಿದವರು ಸಿಪ್ರಿಯನ್ ಲೋಬೊ, ಡುಲುತ್, ಜಾರ್ಜಿಯಾ.

ನಾನು ಸಹಿ ಹಾಕಿ ಕೊಟ್ಟ ಹೆಸರನ್ನು ಸಂಗ್ರಹಾಲಯದವರು ಮರ್ಯಾದೆಗೆಂದು ಅಲ್ಲಿ ಸೇರಿಸಿದ್ದರು. ಇಪ್ಪತ್ತೆರಡರ ಪ್ರಾಯದಲ್ಲಿ ಏಟು ತಿಂದು ಕಳೆದುಕೊಂಡ ಹೆಸರು ಕೊನೆಗೂ ಒಂದು ಗಾಡಿಯ ಪಕ್ಕ ಅಚ್ಚಾಗಿತ್ತು, ಅದೂ ಏಮಸ್ ಟಲ್ ಇರಬೇಕಾದ ಜಾಗದಲ್ಲಿ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನನ್ನ ಕಣ್ಣಿಗೆ ಕಾಣುವುದಿಲ್ಲ," ಎಂದರು ಮಿಸ್ ಯೂಲಾ. "ಏನು ಬರೆದಿದ್ದಾರೆ, ಓದಿ."

ಜೆಸಿಂತಾ ನನ್ನ ಮುಖ ನೋಡಿದಳು. ನಾನು ಸುತ್ತಲಿದ್ದವರಿಗೂ ಕೇಳುವ ಹಾಗೆ ಓದಿದೆ:

"ಈ ಕಾರಿನ ಬಾಗಿಲು ಮಾಡಿದವರು ಏಮಸ್ ಟಲ್."

ಅವರ ಕೈ ಬಾಗಿಲ ಮೇಲೆಯೇ ಇತ್ತು. ತಲೆ ಎತ್ತದೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಅಲ್ಲಿ ಹಾಗೆ ಬರೆದಿಲ್ಲ ಅಂತ ನನಗೆ ಗೊತ್ತು, ಮಿಸ್ಟರ್ ಲೋಬೊ. ಇನ್ನೊಂದು ಸಲ ಹಾಗೇ ಓದಿ."